ಹೆಬ್ಬಾಳದ ವೀರಗಲ್ಲೂ ಗೊಲ್ಗೊಥಾದ ಶಿಲುಬೆಯೂ

ಕರ್ತನ ಶ್ರಮಮರಣಗಳನ್ನು ಧ್ಯಾನಿಸುವ ವಾರವು ಸಮೀಪಿಸಿತು. ಈ ದಿನಗಳಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯವನ್ನು ಮನೆಮನೆಗಳಲ್ಲಿ ಓದಬೇಕೆಂದು ಬೇಡುತ್ತೇವೆ. 6ರಿಂದ 10ರ ವರೆಗಿನ ವಚನಗಳನ್ನು ಎರಡಾವರ್ತಿ ಓದಿರಿ. ಒಳ್ಳೆಯವನಿಗಾಗಿ ಪ್ರಾಣ ಕೊಡುವವನು ಎಲ್ಲಿಯಾದರೂ ಒಬ್ಬನು ಸಿಕ್ಕಾನೆಂದು ಅಪೊಸ್ತಲನು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಅಂಥವನೊಬ್ಬನ ಗುರುತು ನಮ್ಮ ಬಾಗಿಲ ಬಳಿಯಲ್ಲೇ ಇರುತ್ತದೆ.

ಬ್ಯಾಟರಾಯನಪುರದಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ಪೇಟೆಯ ಕಡೆಗೆ ಹೋಗುವವರು ಹೆಬ್ಬಾಳವನ್ನು ದಾಟಿ ಹೋಗುತ್ತಾರೆ. ಆ ಊರಿನಲ್ಲಿ 2018ರಲ್ಲಿ ನೆಲವನ್ನು ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಅದು ಗಂಗರ ಅರಸನಾದ ಶ್ರೀಪುರುಷನ ಕಾಲದ್ದು, ಹೆಚ್ಚುಕಡಿಮೆ ಕ್ರಿ. ಶ. 750ರದು, ಬೆಂಗಳೂರಿನಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಹಳೆಯದೆಂದು ಬಲ್ಲವರು ಹೇಳುತ್ತಾರೆ. ರಾಷ್ಟ್ರಕೂಟರ ದಂಡು ಈ ನಾಡಿನ ಮೇಲೆ ಬಿದ್ದಾಗ ಕಿತ್ತಯ್ಯನೆಂಬವನು ಎದುರು ನಿಂತು ಕಾದಿ ಸತ್ತನು. ಅವನ ಜ್ಞಾಪಕಕ್ಕಾಗಿ ನಿಲ್ಲಿಸಿದ ಕಲ್ಲು ಅದು. ನಮ್ಮ ಸೀಮೆಯಲ್ಲಿ ಇಂಥ ಕಲ್ಲುಗಳು ಎಷ್ಟೋ ಉಂಟು. ತುರು ಹಿಡಿಯಲು ಬಂದವರನ್ನು ತಡೆದು ಸತ್ತವನಿಗೆ ಒಂದು ಕಲ್ಲು, ಊರಿನ ಹೆಂಗಸರ ಮಾನ ಕಾಯುತ್ತಾ ಬಿದ್ದವನಿಗೆ ಒಂದು ಕಲ್ಲು. ಸುವಾರ್ತೆಯನ್ನು ಕೇಳದವರೆಂದು ಇವರನ್ನು ಹಗುರವಾಗಿ ಎಣಿಸುವವರ ಸಂಗಡ ನಾವು ಸೇರುವದಿಲ್ಲ. ಒಬ್ಬನ ರಕ್ತದಿಂದ ಅನೇಕರು ಉಳಿದರೆಂಬ ಸಂಗತಿಯನ್ನು ನಮ್ಮ ಪೂರ್ವಿಕರು ಉಪದೇಶಿಗಳಿಂದ ಕಲಿಯುವದಕ್ಕಿಂತ ಸಾವಿರ ವರುಷಗಳ ಮೊದಲೇ ಕಲ್ಲಿನಲ್ಲಿ ಕೆತ್ತಿಟ್ಟಿದ್ದರು.

ಆದಕಾರಣ ಶಿಲುಬೆಯ ಅರ್ಥವನ್ನು ತಿಳಿಸುವಾಗ ವೀರಗಲ್ಲನ್ನು ತೋರಿಸಿ, ಕ್ರಿಸ್ತನು ಇಂಥವನೇ ಎಂದು ಹೇಳುವದು ಸುಲಭ. ನಾವೂ ಹಾಗೆ ಪ್ರಸಂಗಿಸಿದ್ದುಂಟು. ಈಗ ನೋಡಿದರೆ ನಾವು ಅರ್ಧವನ್ನೇ ಹೇಳಿದೆವೆಂದು ತೋಚುತ್ತದೆ. ಕಿತ್ತಯ್ಯನು ಸತ್ತದ್ದು ತನ್ನ ನಾಡಿನವರಿಗಾಗಿ. ದಂಡೆತ್ತಿ ಬಂದವರಿಗಾಗಿ ಅಲ್ಲ. ಅವರಿಗಾಗಿ ಸತ್ತಿದ್ದರೆ ಊರಿನವರು ಕಲ್ಲು ನಿಲ್ಲಿಸುತ್ತಿದ್ದರೋ? ಹೆಣದ ಮೇಲೆ ಕಲ್ಲು ಹೊಡೆಯುತ್ತಿದ್ದರು.

ಗೊಲ್ಗೊಥಾದಲ್ಲಿ ನಡೆದದ್ದಾದರೋ ಅದೇ. ರೋಮಿನವರು ಶಿಲುಬೆಯನ್ನು ವೀರರಿಗೆ ಇಡಲಿಲ್ಲ. ದಾಸರಿಗೂ ದಂಗೆಕೋರರಿಗೂ ಇಟ್ಟಿದ್ದರು. ಯೆಹೂದ್ಯರ ಧರ್ಮಶಾಸ್ತ್ರದ ಪ್ರಕಾರ ಮರಕ್ಕೆ ತೂಗಹಾಕಲ್ಪಟ್ಟವನು ಶಾಪಗ್ರಸ್ತನು. ಆ ದಿನ ತೀರ್ಪು ಕೊಟ್ಟ ಪಿಲಾತನ ಹೆಸರು ಒಂದು ಕಲ್ಲಿನ ಮೇಲೆ ಉಳಿಯಿತು. 1961ರಲ್ಲಿ ಕೈಸರೈಯದ ಪಾಳುಗಳಲ್ಲಿ ಅದು ಸಿಕ್ಕಿತು. ತೀರ್ಪನ್ನು ಹೊಂದಿದವನಿಗೆ ಯಾರೂ ಕಲ್ಲು ಕೆತ್ತಿಸಲಿಲ್ಲ. ಮೊಳೆ ಜಡಿದವರಿಗಾಗಿ ಆತನು ತಂದೆಯ ಬಳಿ ಕ್ಷಮೆಯನ್ನು ಬೇಡಿಕೊಂಡನು. ಆತನ ಬದಲಾಗಿ ಬಿಡುಗಡೆ ಹೊಂದಿದ ಬರಬ್ಬನು ಕೊಲೆ ಮಾಡಿದವನಾಗಿದ್ದನು. ಇದನ್ನೋದುವವರೇ, ನಾವು ಕೋಟೆಯೊಳಗೆ ಅವಿತುಕೊಂಡಿದ್ದ ನಿರಪರಾಧಿಗಳೆಂದೂ, ಯಾರೋ ದುಷ್ಟರಿಂದ ಕರ್ತನು ನಮ್ಮನ್ನು ಬಿಡಿಸಿದನೆಂದೂ ತಿಳಿದುಕೊಂಡಿರುತ್ತೇವಲ್ಲವೇ? ಅಪೊಸ್ತಲನು ನಮ್ಮನ್ನು ಕೋಟೆಯೊಳಗೆ ನಿಲ್ಲಿಸಲಿಲ್ಲ. ದಂಡಿನ ಸಾಲಿನಲ್ಲಿ ನಿಲ್ಲಿಸಿದನು. ನಾವು ವೈರಿಗಳಾಗಿದ್ದಾಗಲೇ ದೇವರ ಮಗನ ಮರಣದಿಂದ ನಮಗೆ ದೇವರ ಸಂಗಡ ಸಮಾಧಾನವುಂಟಾಯಿತೆಂಬದು ಅವನ ಬೋಧನೆ.

ಬಳ್ಳಾರಿ ರಸ್ತೆಯ ಮಗ್ಗುಲಲ್ಲಿರುವ ಒಂದು ಸಭೆಯಲ್ಲಿ ಅಣ್ಣತಮ್ಮಂದಿರಿಬ್ಬರು ಮೂರು ವರುಷಗಳಿಂದ ಮಾತು ಬಿಟ್ಟಿದ್ದಾರೆ. ತಂದೆಯ ಹೊಲವನ್ನು ಪಾಲು ಮಾಡಿದಾಗ ತಮ್ಮನು ಅಣ್ಣನ ನಾಲ್ಕು ಗುಂಟೆಯನ್ನು ತನ್ನ ಹೆಸರಿಗೆ ಬರೆಸಿಕೊಂಡನೆಂಬದು ವ್ಯಾಜ್ಯ. ಈ ರಸ್ತೆಯ ಬದಿಯ ನೆಲದ ಬೆಲೆಯನ್ನು ನಿಮಗೆ ಹೇಳಬೇಕಾದದ್ದಿಲ್ಲ. ಕಳೆದ ವರುಷ ಇದೇ ಕಾಲದಲ್ಲಿ ನಾವು ಅಣ್ಣನ ಮನೆಗೆ ಹೋಗಿ, ಕರ್ತನ ಭೋಜನಕ್ಕೆ ಮುಂಚೆ ತಮ್ಮನ ಸಂಗಡ ಒಂದಾಗಬೇಕೆಂದು ಕೇಳಿಕೊಂಡೆವು. ಅವನು ನಮಗೆ ಚಾಪೆ ಹಾಸಿ ಕೂರಿಸಿ ಹೀಗೆಂದನು: "ಅಯ್ಯನವರೇ, ಕರ್ತನು ದೇವರು, ಕ್ಷಮಿಸಿದನು. ನಾನು ಮನುಷ್ಯ. ನಾನು ಕ್ಷಮಿಸಿದರೆ ನನ್ನ ನಾಲ್ಕು ಗುಂಟೆಯನ್ನು ಯಾರು ಕೊಡುತ್ತಾರೆ?"

ಈ ಮಾತಿಗೆ ನಮ್ಮಲ್ಲಿ ಕೂಡಲೇ ಉತ್ತರವಿರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ನೆನೆದೆವು. ಅವನು ತಿಳಿಯದೆಯೇ ಶಿಲುಬೆಯ ಮರ್ಮವನ್ನು ಮುಟ್ಟಿದ್ದನು. ದೇವರು ಸರ್ವಶಕ್ತನಾಗಿರಲಾಗಿ, ಮಗನ ಮರಣವಿಲ್ಲದೆ ಬಾಯಿಮಾತಿನಿಂದಲೇ ಪಾಪವನ್ನು ಕ್ಷಮಿಸಬಾರದಾಗಿತ್ತೇ ಎಂದು ಅನೇಕರು ನಮ್ಮನ್ನು ಕೇಳುವದುಂಟು. ಆದರೆ ಬಾಯಿಮಾತಿನ ಕ್ಷಮೆ ಎಲ್ಲಿಯಾದರೂ ಉಂಟೋ? ಕೊಟ್ಟ ಸಾಲವನ್ನು ಬಿಟ್ಟುಬಿಟ್ಟರೆ ಆ ಹಣವು ಮಾಯವಾಗುವದಿಲ್ಲ. ಬಿಟ್ಟವನ ಚೀಲದಲ್ಲಿ ಅಷ್ಟು ಕಡಿಮೆಯಾಗುತ್ತದೆ. ಬದುವನ್ನು ಸರಿಸಿದವನನ್ನು ಕ್ಷಮಿಸುವವನು ಪ್ರತಿ ಮುಂಗಾರಿನಲ್ಲಿಯೂ ಆ ನೆಲದ ಬೆಳೆಯನ್ನು ಕಳೆದುಕೊಳ್ಳುತ್ತಾನೆ. ನಷ್ಟವನ್ನು ಒಬ್ಬನು ಹೊರಲೇಬೇಕು: ತಪ್ಪು ಮಾಡಿದವನು ಹೊತ್ತರೆ ಅದು ದಂಡನೆ, ತಪ್ಪನ್ನು ಅನುಭವಿಸಿದವನು ಹೊತ್ತರೆ ಅದು ಕ್ಷಮೆ. ಲೋಕದ ಪಾಪದ ನಷ್ಟವನ್ನು ದೇವರು ತಾನೇ ಹೊತ್ತದ್ದು ಶಿಲುಬೆಯ ಮೇಲೆ. ಕೋಪದಿಂದಿದ್ದ ತಂದೆಯನ್ನು ದಯಾಳುವಾದ ಮಗನು ಹೇಗೋ ಒಪ್ಪಿಸಿದನೆಂದು ನಮ್ಮವರಲ್ಲಿ ಕೆಲವರು ಕಲಿಸುತ್ತಾರೆ. ಅದು ಸತ್ಯವೇದದ ಬೋಧನೆಯಲ್ಲ. ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡವನು ಕ್ರಿಸ್ತನಲ್ಲಿದ್ದ ದೇವರೇ. ಕಳಕೊಂಡದ್ದೂ ಆತನ ಮನೆಯೇ.

ಪಾಪವನ್ನು ಪಾಪವಲ್ಲವೆಂದು ಹೇಳುವದೂ ಕ್ಷಮೆಯಲ್ಲ. ಅಷ್ಟು ದೊಡ್ಡ ಬೆಲೆಯನ್ನು ತೆರಬೇಕಾಗಿ ಬಂದದ್ದರಿಂದಲೇ ಅದರ ಘೋರತೆ ಬೈಲಾಯಿತು. ಬಲವುಳ್ಳವರು ಬಡವರ ನೆಲವನ್ನು ನುಂಗಿ, ಶಿಲುಬೆಯನ್ನು ತೋರಿಸಿ, ಕ್ಷಮಿಸಿಬಿಡಿರಿ ಎಂದು ಉಪದೇಶಿಸುವದಾದರೆ ಅದು ದೇವದೂಷಣೆಯೇ ಸರಿ. ಆ ಅಣ್ಣನಿಗೆ ನ್ಯಾಯಸ್ಥಾನದ ಬಾಗಿಲು ಮುಚ್ಚಿಲ್ಲ, ಮುಚ್ಚಬೇಕೆಂದು ನಾವು ಹೇಳುವವರೂ ಅಲ್ಲ.

ಮರುವಾರ ಪುನಃ ಹೋಗಿ ಇದನ್ನೆಲ್ಲಾ ಅವನಿಗೆ ತಿಳಿಸಿದೆವು. ನಾಲ್ಕು ಗುಂಟೆಯನ್ನು ಯಾರೂ ಕೊಡುವದಿಲ್ಲವೆಂದೂ, ಕ್ಷಮಿಸಿದರೆ ಅದು ಅವನಿಗೆ ನಾಲ್ಕು ಗುಂಟೆಯಷ್ಟೇ ನೋಯುವದೆಂದೂ ಮರೆಮಾಡದೆ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದನು. ಶುಭ ಶುಕ್ರವಾರದ ಆರಾಧನೆಗೆ ಇಬ್ಬರೂ ಬಂದರು. ಮೂರನೆಯ ಕೀರ್ತನೆಯಾಗುತ್ತಿರುವಾಗ ಅಣ್ಣನು ತನ್ನ ಸ್ಥಳವನ್ನು ಬಿಟ್ಟು ತಮ್ಮನ ಪಕ್ಕದಲ್ಲಿ ಹೋಗಿ ಕುಳಿತನು. ತಮ್ಮನು ತಲೆಯೆತ್ತಲಿಲ್ಲ, ಎದ್ದು ಹೋಗಲೂ ಇಲ್ಲ.

ನೆಲದ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಬರುವ ಶುಭ ಶುಕ್ರವಾರ ಮಧ್ಯಾಹ್ನ 12 ಗಂಟೆಗೆ ಅಲ್ಲಿ ಆರಾಧನೆ ನಡೆಯುವದು. ಇಬ್ಬರಿಗೂ ಹೇಳಿಕಳುಹಿಸಿದ್ದೇವೆ.