‘ಅದಕ್ಕೇ’ ಎಂಬ ಮಾತು

2025ರ ನವೆಂಬರ್ 14ರಂದು ಸಾಲುಮರದ ತಿಮ್ಮಕ್ಕ ತೀರಿಕೊಂಡಾಗ ಅವರಿಗೆ 114 ವರ್ಷವೆಂದು ಪತ್ರಿಕೆಗಳು ಬರೆದವು. ಆ ದಿನ ಎಲ್ಲಿ ಹೋದರೂ ನನ್ನ ಕಿವಿಗೆ ಬಿದ್ದ ಮಾತು ಒಂದೇ: “ಪಾಪ, ಮಕ್ಕಳಿರಲಿಲ್ಲ. ಅದಕ್ಕೇ ಮರಗಳನ್ನು ಸಾಕಿದರು.” ಪ್ರೀತಿಯಿಂದಲೇ ಆಡಿದ ಮಾತು. ಆದರೂ ಆ ‘ಅದಕ್ಕೇ’ ಎಂಬುದು ಮುಳ್ಳಿನಂತೆ ನನ್ನ ಮನಸ್ಸಿನಲ್ಲಿ ಉಳಿಯಿತು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಕೂಲಿ ಮಾಡಿ ಬದುಕುತ್ತಿದ್ದವರು ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ. ಕುದೂರಿಗೆ ಹೋಗುವ ರಸ್ತೆಯ ಬದಿಗೆ ಸುಮಾರು ನಾಲ್ಕು ಕಿಲೋಮೀಟರು ಉದ್ದಕ್ಕೂ ಅವರು ಆಲದ ಸಸಿಗಳನ್ನು ನೆಟ್ಟರು. ಅವು 385 ಮರಗಳಾದವೆಂಬುದು ನಾಡು ಬಲ್ಲ ಲೆಕ್ಕ. ನೆಡುವುದೇನೋ ಒಂದು ದಿನದ ಕೆಲಸ. ಮಳೆ ಹಿಂದಾದ ಮೇಲೆ ಕೊಡಗಳಲ್ಲಿ ನೀರು ಹೊತ್ತು ಉಣಿಸುವುದು, ದನಕರು ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟುವುದು ವರ್ಷಗಟ್ಟಲೆಯ ಕೆಲಸ. ಅದಕ್ಕೆ ಕೂಲಿ ಕೊಡುವವರಿಲ್ಲ. ರಸ್ತೆಯೂ ಅವರದಲ್ಲ, ಬರುವ ನೆರಳೂ ಅವರೊಬ್ಬರದಲ್ಲ.

ಅಶೋಕ ಚಕ್ರವರ್ತಿ ಸಾಲುಮರಗಳನ್ನು ನೆಡಿಸಿದನೆಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರ ಹಾಕಿಸಿದ್ದಾಗಿ ಅವನೇ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅವನು ನೆಡಿಸಿದ, ತಿಮ್ಮಕ್ಕ ತಾವೇ ನೆಟ್ಟರು. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಅಶೋಕನಿಗೆ ಯಾವ ಕೊರತೆಯಿತ್ತು, ಅದಕ್ಕೇ ಮರ ನೆಡಿಸಿದನೇ ಎಂದು ಒಂದು ಮಗುವೂ ಕೇಳಿಲ್ಲ. ಗಂಡಸು ಮಾಡಿದರೆ ಅದು ಧರ್ಮ. ಹೆಂಗಸು ಮಾಡಿದರೆ ಅವಳ ಮಡಿಲನ್ನು ಹುಡುಕಿ ಕಾರಣ ಹೇಳುತ್ತೇವೆ.

ನನ್ನ ಚಿಕ್ಕಮ್ಮನೊಬ್ಬರಿಗೆ ಮಕ್ಕಳಿರಲಿಲ್ಲ. ಓಣಿಯಲ್ಲಿ ಯಾರಿಗೆ ಕಾಯಿಲೆಯಾದರೂ ರಾತ್ರಿಯೆಲ್ಲ ಕೂತು ನೋಡಿಕೊಳ್ಳುತ್ತಿದ್ದರು. ಗುಣವಾಗಿ ಎದ್ದವರೂ “ಪಾಪ, ಮಕ್ಕಳಿಲ್ಲ ನೋಡಿ” ಎನ್ನುತ್ತಿದ್ದರು. ಅದೇ ಜನ ಸೀಮಂತದ ಆರತಿಗೆ ಅವರನ್ನು ಕರೆಯುತ್ತಿರಲಿಲ್ಲ. ಅವರ ಒಳ್ಳೆಯತನವನ್ನು ಅವರದೆಂದು ಒಪ್ಪಿಕೊಂಡವರೇ ಇಲ್ಲ.

ಮಕ್ಕಳಾಗದ ನೋವನ್ನು ತಿಮ್ಮಕ್ಕ ಮುಚ್ಚಿಡಲಿಲ್ಲ, ನಿಜ. ಮರಗಳೇ ನನ್ನ ಮಕ್ಕಳು ಎಂದವರೂ ಅವರೇ. ಆದರೆ ಅದನ್ನು ಹೇಳುವ ಹಕ್ಕು ಅವರದು. ನೋವು ದಾರಿ ತೋರಿಸಿರಬಹುದು, ನೀರಿನ ಕೊಡವನ್ನು ನೋವು ಹೊರಲಿಲ್ಲ. ಮಕ್ಕಳಿಲ್ಲದವರು ನಾಡಿನಲ್ಲಿ ಎಷ್ಟೋ ಮಂದಿ, ಸಾಲುಮರ ಬೆಳೆಸಿದವರು ಎಷ್ಟು ಮಂದಿ? 1991ರಲ್ಲಿ ಚಿಕ್ಕಯ್ಯ ಹೋದ ಮೇಲೂ ಅವರು ಮರಗಳನ್ನು ಮರೆಯಲಿಲ್ಲ. 2019ರಲ್ಲಿ ಪದ್ಮಶ್ರೀ ಬಂದಾಗಲೂ ಅವರ ಮಾತು ಮರಗಳದೇ ಆಗಿತ್ತು.

ಆ ‘ಅದಕ್ಕೇ’ಯಿಂದ ನಮಗೊಂದು ಅನುಕೂಲವೂ ಇದೆ. ಅವರಿಗೆ ಮಕ್ಕಳಿರಲಿಲ್ಲ, ಅದಕ್ಕೇ ಮಾಡಿದರು. ನಮಗೆ ಮಕ್ಕಳಿದ್ದಾರೆ, ಅದಕ್ಕೇ ಪುರುಸೊತ್ತಿಲ್ಲ. ಒಂದೇ ಮಾತಿನಲ್ಲಿ ಅವರನ್ನು ಹೊಗಳಿ, ನಾವು ತಪ್ಪಿಸಿಕೊಂಡೆವು.

ಹೆತ್ತವರು ತಮ್ಮ ಮಕ್ಕಳಿಗೆ ಉಣಿಸುವುದು ಸಹಜ. ಗುರುತಿಲ್ಲದವರು ನಡೆಯುವ ದಾರಿಗೆ ನೀರು ಹೊರುವುದು ಕೊರತೆಯಿಂದ ಬರುವ ಗುಣವಲ್ಲ, ಅದು ಒಬ್ಬರಲ್ಲಿ ತುಂಬಿ ಮಿಕ್ಕಿದ್ದು. ಇನ್ನು ಮೇಲೆ ತಿಮ್ಮಕ್ಕನನ್ನು ನೆನೆಯುವಾಗ ‘ಪಾಪ’ ಎನ್ನುವುದು ಬೇಡ. ಆ ಮರಗಳ ನೆರಳಿನಲ್ಲಿ ನಿಂತವರು ಯಾರೂ ಅವರಿಗಿಂತ ದೊಡ್ಡವರಲ್ಲ.