ಬಲಕ್ಕೊಂದು ಕೆಲಸ
ಕಾಯುವುದು ಮತ್ತು ಅಟ್ಟುವುದು ಒಂದೇ ಜೀವದಲ್ಲಿ ಕೂಡಿರಬಲ್ಲವೆ? ದನ ಕಾಯುವವನೇ ದನ ಹೊಡೆಯುವವನೂ ಆಗಿರುವುದನ್ನು ಕಂಡ ನಮಗೆ ಇದೊಂದು ಪ್ರಶ್ನೆಯೇ ಅಲ್ಲವೆನ್ನಿಸಬಹುದು. ನಾಯಿಯ ಮಟ್ಟಿಗೆ ಮಾತ್ರ ಇವು ಎದುರುಬದುರಾದ ಗುಣಗಳು. ಬಾರ್ಡರ್ ಕೋಲಿಯಂಥ ಅಟ್ಟುವ ನಾಯಿಯೊಳಗೆ ಬೇಟೆಯೇ ಅಡಗಿದೆ. ಹೊಂಚುವುದು, ಬೆನ್ನಟ್ಟುವುದು ಎಲ್ಲವೂ ಇದ್ದು ಕೊಲ್ಲುವುದೊಂದು ಬಿಟ್ಟುಹೋಗಿದೆ. ಟರ್ಕಿಯ ಕಾಂಗಲ್‌ನಂಥ ಕಾವಲುನಾಯಿಗೆ ಆ ಬೆನ್ನಟ್ಟುವ ಚಪಲವೇ ಸಲ್ಲದು. ಮರಿಯಾಗಿದ್ದಾಗಿನಿಂದ ಕುರಿಗಳ ನಡುವೆ ಬೆಳೆದು ಅದು ತೋಳಕ್ಕೆ ಎದುರು ನಿಲ್ಲುತ್ತದೆ, ಕುರಿಯನ್ನು ಓಡಿಸುವುದಿಲ್ಲ.

ಇವೆರಡನ್ನೂ ಒಂದೇ ಮೈಯಲ್ಲಿ ಹೊತ್ತದ್ದು ಜರ್ಮನಿಯ ರಾಟ್‌ವೀಲರ್. ನೆಕಾರ್ ನದಿಯ ದಡದ ರಾಟ್‌ವೈಲ್ ಪಟ್ಟಣದ ಕಟುಕರು ಈ ನಾಯಿಯಿಂದ ದನಗಳನ್ನು ಸಂತೆಗೆ ಹೊಡೆಸಿದರು, ಮಾಂಸದ ಗಾಡಿಯನ್ನೂ ಎಳೆಸಿದರು. ಐವತ್ತು ಕಿಲೋ ತೂಗುವ ನಾಯಿ ತನ್ನ ಹತ್ತರಷ್ಟು ತೂಗುವ ಎತ್ತನ್ನು ಬರಿಯ ಬಲದಿಂದ ಮಣಿಸೀತೆ? ಅದು ಹಿಂಡಿನ ಮುಂದಾಳನ್ನೇ ಹುಡುಕಿ ಎದುರಿಸುತ್ತದೆ. ಆ ಒಂದು ದನ ಸೋತರೆ ಸಾಕು, ಮತ್ತೆ ಸಾವಧಾನದ ನಡಿಗೆ. ಮೊಂಡು ಹಿಡಿದದ್ದನ್ನು ಬೊಗಳಿ, ಮೈಯಿಂದ ನೂಕಿ ನಡೆಸುತ್ತದೆ, ಸುಮ್ಮಸುಮ್ಮನೆ ಕೆರಳಿಸುವುದಿಲ್ಲ. ಬೆದರಿ ಓಡಿದ ದನ ದಾರಿಯಲ್ಲೇ ತೂಕ ಇಳಿದರೆ ನಷ್ಟ ಯಾರಿಗೆ? ಕಟುಕನಿಗೆ ತಾನೆ! ಸಂಯಮದಂಥ ದೊಡ್ಡ ಗುಣವನ್ನು ಅದಕ್ಕೆ ಕಲಿಸಿದ್ದು ಕರುಣೆಯಲ್ಲ, ಲೆಕ್ಕಾಚಾರ. ಅಷ್ಟು ಜೋಪಾನವಾಗಿ ದನಗಳನ್ನು ತಲುಪಿಸಿದ್ದು ಎಲ್ಲಿಗೆ ಎಂಬುದೂ ನಮಗೆ ಗೊತ್ತೇ ಇದೆ. ಒಪ್ಪಿಕೊಳ್ಳಲು ಕಹಿಯಾದರೂ ಗುಣಗಳು ಹುಟ್ಟುವ ಎಡೆ ಸದಾ ಪವಿತ್ರವಾಗಿರಬೇಕೆಂದು ನಾವೇಕೆ ಹಟ ಹಿಡಿಯಬೇಕು?

19ನೆಯ ಶತಮಾನದಲ್ಲಿ ರೈಲು ಬಂದು ದನಗಳನ್ನು ಹೊತ್ತುಕೊಂಡಿತು, ರಸ್ತೆಯಲ್ಲಿ ಹಿಂಡು ನಡೆಸುವುದು ನಿಂತಿತು, ತಳಿ ಅಳಿವಿನಂಚಿಗೆ ಸರಿಯಿತು. 1910ರ ಸುಮಾರಿಗೆ ಪೊಲೀಸರು ಕೈಹಿಡಿದದ್ದರಿಂದ ಉಳಿಯಿತು. ಹಳೆಯ ಕೆಲಸ ಹೋಯಿತು, ಬಲ ಹೋಗಲಿಲ್ಲ. ಎತ್ತಿನ ಮುಂದೆ ಅಳೆದು ತೂಗಿ ಬಳಕೆಯಾಗುತ್ತಿದ್ದ ಬಲವನ್ನೇ ನಾವೀಗ ಗೇಟಿನ ಬಳಿ ಕಟ್ಟಿಹಾಕಿ, ‘ನಾಯಿ ಇದೆ ಎಚ್ಚರಿಕೆ’ ಎಂದು ಫಲಕ ತೂಗಿಸಿದ್ದೇವೆ. ಭಯಪಡಿಸಲೆಂದೇ ಸಾಕಿ, ಆಮೇಲೆ ಭಯವಾಗುತ್ತದೆಂದು ದೂರುವುದು ಯಾವ ನ್ಯಾಯ?

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿಯೆಂದು 23 ತಳಿಗಳನ್ನು ಸುತ್ತೋಲೆಯೊಂದರ ಮೂಲಕ ನಿಷೇಧಿಸಲು ಹೊರಟಾಗ ಪಟ್ಟಿಯಲ್ಲಿ ರಾಟ್‌ವೀಲರ್ ಇತ್ತು, ಕುರಿ ಕಾಯುವ ಕಾಂಗಲ್ ಕೂಡ. ಸಂಬಂಧಪಟ್ಟವರ ಮಾತು ಕೇಳಿರಲಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದುಮಾಡಿತು. ಕಚ್ಚಿಸಿಕೊಂಡವರ ನೋವನ್ನು ನಾವು ಹಗುರವಾಗಿ ಕಾಣಲಾಗದು. ಆದರೆ ಬೆಳಗಿನಿಂದ ರಾತ್ರಿಯವರೆಗೆ ಸರಪಳಿಯ ತುದಿಯಲ್ಲಿ ಕೂತ ನಾಯಿ ಸಂಯಮವನ್ನು ಯಾರಿಂದ, ಯಾವ ಕೆಲಸದಿಂದ ಕಲಿಯಬೇಕು?