ಒಪ್ಪಿ ಬಂದವರ ಕೂಲಿ

1982ರಲ್ಲಿ ದಿಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಸಜ್ಜಾಗುತ್ತಿತ್ತು. ಕ್ರೀಡಾಂಗಣ, ಮೇಲ್ಸೇತುವೆಗಳ ಕೆಲಸಕ್ಕೆ ಜಮಾದಾರರು ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾ ಕಡೆಯಿಂದ ಆಳುಗಳನ್ನು ಕರೆತಂದಿದ್ದರು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಅದರಲ್ಲಿ ಒಂದು ರೂಪಾಯಿಯನ್ನು ಜಮಾದಾರ ಮುರಿದುಕೊಳ್ಳುತ್ತಾನೆ, ಹೆಂಗಸರ ಕೈಗೆ ಬರುವುದು 7 ರೂಪಾಯಿ ಎಂದು ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ಸಂಘಟನೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಎತ್ತಿಕೊಂಡಿತು.

ಆ ಕೂಲಿಗಾರರನ್ನು ಯಾರೂ ಹೊಡೆದು ಬಡಿದು ತಂದಿರಲಿಲ್ಲ. ಒಪ್ಪಿಯೇ ಬಂದಿದ್ದರು. ನನ್ನನ್ನು ಕಾಡುವುದು ಈ ಒಪ್ಪಿಗೆ. ಮನೆಯಲ್ಲಿ ಹಿಟ್ಟಿಲ್ಲದವನು ‘ಆಗಲಿ’ ಅಂದರೆ ಆ ಮಾತು ಅವನದೋ, ಅವನ ಹಸಿವಿನದೋ? ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ತೀರ್ಪು ಇಲ್ಲಿ ತಡವರಿಸಲಿಲ್ಲ. ಬೇರೆ ದಾರಿ ಉಳಿಸದ ಹಸಿವೂ ಬಡತನವೂ ಬಲವಂತವೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ.

ಕೂಲಿಗೆ ಕಾನೂನಿನ ಕಾವಲು ಹೊಸದೇನಲ್ಲ. ಅಮೆರಿಕದ ಡೇವಿಸ್–ಬೇಕನ್ ಕಾಯ್ದೆ 1931ರಲ್ಲೇ ಸರ್ಕಾರಿ ಕಟ್ಟಡ ಕೆಲಸಕ್ಕೆ ಆಯಾ ಊರಲ್ಲಿ ನಡೆಯುವ ಕೂಲಿಯನ್ನು ಕಡ್ಡಾಯ ಮಾಡಿತ್ತು. ದುಡಿಯುವವರಿಗೆ ಆಸರೆಯಾದ ಕಾಯ್ದೆಯೇ, ನಿಜ. ಆದರೆ ಅಲ್ಲಿನ ದಕ್ಷಿಣ ರಾಜ್ಯಗಳಿಂದ ಬರುವ ಕಪ್ಪು ಕೂಲಿಗಾರರ ಮೇಲಿನ ಅಸಹನೆಯೂ ಅದರ ಹಿಂದಿತ್ತು. ಊರಲ್ಲಿ ನಡೆಯುವ ಕೂಲಿಯೊಳಗೆ ಊರಿನ ಅನ್ಯಾಯವೂ ಸೇರಿಕೊಂಡಿರಬಹುದು. ಪತ್ರ ಹೇಳಿದಂತೆ ದಿಲ್ಲಿಯಲ್ಲಿ ನಡೆಯುತ್ತಿದ್ದ ಕೂಲಿ 8 ರೂಪಾಯಿ 25 ಪೈಸೆ! ಹಾಗಾಗಿ ನಡೆಯುವುದನ್ನು ಕೇಳಿದರೆ ಸಾಲದು, ಇದಕ್ಕಿಂತ ಕೆಳಗೆ ಇಳಿಯಕೂಡದು ಎಂಬ ಗೆರೆಯೂ ಬೇಕು.

ಜಮಾದಾರನನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿಗೆ ಗುಳೆ ಬರುವವರ ವಿಷಯದಲ್ಲೂ ನಾವು ಮೇಸ್ತ್ರಿಯನ್ನೇ ಬೈಯುತ್ತೇವೆ. ಆದರೆ ಸರ್ಕಾರಿ ಟೆಂಡರಿನಲ್ಲಿ ಕಡಿಮೆ ದರ ಹಾಕಿದವನಿಗೆ ಕೆಲಸ. ಸಿಮೆಂಟು, ಕಬ್ಬಿಣದ ಬೆಲೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಹಿಂಡಲು ಸಿಗುವುದು ಕೂಲಿ. ಹಾಗೆ ಉಳಿದ ಹಣ ಖಜಾನೆಯದು, ಅಂದರೆ ನಮ್ಮದು. ಕನಿಷ್ಠ ಕೂಲಿ ಗೊತ್ತುಮಾಡುವ ಸರ್ಕಾರವೇ ತನ್ನ ಕೆಲಸಕ್ಕೆ ಅಗ್ಗದ ಆಳು ಹುಡುಕಿದರೆ, ಖಾಸಗಿ ಧಣಿಯನ್ನು ಯಾವ ಬಾಯಲ್ಲಿ ಕೇಳುವುದು?

1983ರಲ್ಲಿ ರಾಜಸ್ಥಾನದ ಇಂಥದೇ ಮೊಕದ್ದಮೆಯ ತೀರ್ಪು ಬಂತು. ಬರ ಪರಿಹಾರದ ಕಾಮಗಾರಿಗೆ ಕನಿಷ್ಠ ಕೂಲಿ ಬೇಕಿಲ್ಲವೆಂದು ಅಲ್ಲಿ ಕಾನೂನೇ ಇತ್ತು. ಕೋರ್ಟು ಒಪ್ಪಲಿಲ್ಲ. ಬರದಿಂದ ಕಂಗೆಟ್ಟವರ ಅಸಹಾಯಕತೆಯ ಲಾಭವನ್ನು ಸರ್ಕಾರ ಪಡೆಯಕೂಡದು ಎಂದಿತು. ಆ ಜನ ದಾನ ಬೇಡಿರಲಿಲ್ಲ, ರಸ್ತೆ ಹಾಕಿದ್ದರು.